ಹನ್ನೊಂದು ಕಾಲೇಜು, ಒಂದು ಲೈನ್ ಮನೆ

ಧನುಶ್ರೀಗೆ ಮೂರು ಕಾಲೇಜಿಗೆ ಅರ್ಜಿ ಹಾಕುವುದೆಂದು ತೀರ್ಮಾನವಾಗಿತ್ತು. ಹಾಸನದ ಟ್ರಸ್ಟಿನ ವಿಷಯ ಗೊತ್ತಾದ ದಿನ ಮೂರು ಹೋಗಿ ಹನ್ನೊಂದಾಯಿತು.

ಧನುಶ್ರೀ ನನ್ನ ಭಾವ ಕೃಷ್ಣಪ್ಪನವರ ಮಗಳು. ಹಾನುಬಾಳಿನ ಹತ್ತಿರ ಅವರ ಕಾಫಿ ತೋಟ. ಅದರಲ್ಲಿ ಅರ್ಧ ತಮ್ಮನದು ಎಂದು ನನ್ನ ಗಂಡ ಯೋಗೇಶ ಬದುಕಿದ್ದಾಗ ಅವರೇ ಹೇಳುತ್ತಿದ್ದರು. ಕಳೆದ ವರ್ಷ ದೋಣಿಗಲ್ ತಿರುವಿನಲ್ಲಿ ಯೋಗೇಶನ ಬೈಕಿಗೆ ಲಾರಿ ಬಡಿಯಿತು. ಆಮೇಲೆ ಅವರು ಹೇಳಲಿಲ್ಲ. ನಾನು ಕೇಳಲಿಲ್ಲ.

ದುಡಿಯುವ ಗಂಡಸಿಲ್ಲದ ಮನೆಯಲ್ಲಿ ವಿಧವೆಯೊಬ್ಬಳ ಆಸರೆಯಲ್ಲಿ ಬೆಳೆದ ಹುಡುಗಿಗೆ ಯಾವ ಕಾಲೇಜಿನಲ್ಲಿ ಸೀಟು ಸಿಕ್ಕರೂ ಆ ಟ್ರಸ್ಟ್ ಪೂರ್ತಿ ಫೀಸು ಕಟ್ಟುತ್ತದೆ. ಭಾವ ಇದನ್ನು ರೊಟ್ಟಿ ತಿನ್ನುತ್ತಾ ಹೇಳಿದರು.

"ಎಲ್ಲಾ ಕಡೆ ಹಾಕ್ಬುಡಾಣ. ಮೈಸೂರು, ಮಂಗಳೂರು, ಬೆಂಗಳೂರು. ಫೀಸು ನಾವು ಕಟ್ಟೋದಲ್ವಲ್ಲ."

"ಅಪ್ಪ ಇಲ್ದೋರಿಗಲ್ವೇನ್ರೀ ಅದು?" ಎಂದರು ಅವರ ಹೆಂಡತಿ ಸುಮಿತ್ರಮ್ಮ. ನಾನು ಅವರನ್ನು ಅಕ್ಕ ಎನ್ನುತ್ತೇನೆ.

"ವಿಧವೆ ಸಾಕಿರ್ಬೇಕು ಅಂತ ಐತೆ ಅಷ್ಟೇ ಕಣೇ. ನಮ್ ಸುಚಿತ್ರಾ ಇಲ್ವಾ?"

ಇಬ್ಬರೂ ನನ್ನ ಕಡೆ ನೋಡಿದರು. ಮೂಲೆಯಲ್ಲಿ ಮರೆತಿದ್ದ ಕಾಫಿ ಮೂಟೆಗೆ ಇದ್ದಕ್ಕಿದ್ದಂತೆ ಒಳ್ಳೆಯ ರೇಟು ಬಂದ ಹಾಗೆ.

"ಅವರು ಬಂದು ಕೇಳಿದಾಗ ಹೌದು ಅಂದ್ಬುಡಮ್ಮ, ಸಾಕು. ನಿನ್ ಬಿ.ಎಡ್. ಫೀಸು ನಂದು," ಎಂದರು ಭಾವ.

ನಾನು ಎಂ.ಎ. ಓದಿದ್ದೇನೆ. ಬಿ.ಎಡ್. ಆದರೆ ಮೇಷ್ಟರ ಕೆಲಸ, ಕೆಲಸ ಸಿಕ್ಕರೆ ಬೇರೆ ಊರು. ಹಾಸನದ ಒಂದು ಕಾಲೇಜು ಸಾಕೆಂದು ವರ್ಷದಿಂದ ಕೇಳುತ್ತಿದ್ದೆ. ನೋಡೋಣ ಎನ್ನುತ್ತಿದ್ದರು. ಈಗ ಒಪ್ಪಿದರು. ನಾನೂ ಒಪ್ಪಿದೆ.

ಟ್ರಸ್ಟಿನವರು ಬರುವ ದಿನ ಬೆಳಿಗ್ಗೆ ಭಾವ, ಅಕ್ಕ ಇಬ್ಬರೂ ನನ್ನನ್ನು ಲೈನಿಗೆ ಕರೆದುಕೊಂಡು ಹೋದರು. ತೋಟದ ಆಳುಗಳ ಸಾಲುಮನೆಗಳಲ್ಲಿ ಕೊನೆಯದು ಖಾಲಿ ಇತ್ತು; ಅವತ್ತಿಗೆ ಅದೇ ನನ್ನ ಮನೆ. ಗೋಡೆಯ ಮೇಲೆ ಎಲೆಅಡಿಕೆ ಉಗುಳಿನ ಕಲೆ, ಮೂಲೆಯಲ್ಲಿ ಇಲಿ ಹಿಕ್ಕೆ, ಹಳೆಯ ಒಣಮೀನಿನ ವಾಸನೆ. ಭಾವ ಮೂಗಿಗೆ ಕರವಸ್ತ್ರ ಹಿಡಿದರು.

"ಇದ್ರಾಗೆ ಹೆಂಗಿರ್ತಾರೋ ಮಾರಾಯ!"

ಆ ಲೈನನ್ನು ಕಟ್ಟಿಸಿದವರು ಅವರೇ.

ನಾನು ತಂದಿದ್ದ ಪಾತ್ರೆಗಳನ್ನು ಅಕ್ಕ ಹಿಂದಕ್ಕೆ ತಳ್ಳಿದರು. "ಇಷ್ಟು ಹೊಳಿಯೋದು ಇಟ್ರೆ ನಾಟಕ ಅಂತ ಗೊತ್ತಾಗ್ಬುಡ್ತದೆ. ಬಸಮ್ಮಾ, ನಿನ್ ಪಾತ್ರೆ ತಗೊಂಬಾ. ಮಸಿ ಉಜ್ಜಬ್ಯಾಡ, ಹಂಗೇ ತಾ."

ಪಕ್ಕದ ಮನೆಯ ಬಸಮ್ಮ ಬಾಗಿಲಲ್ಲಿ ನಿಂತಳು. "ನಾನು ಅನ್ನ ಯಾತ್ರಾಗೆ ಬೇಯಿಸ್ಲಿ ಅಕ್ಕಾರೆ?"

"ಇವತ್ತೊಂದಿನ ನಮ್ಮನೇಲೇ ಉಣ್ಣು."

"ಹಂಗಾದ್ರೆ ಆ ಟ್ರಸ್ಟ್‌ನೋರು ದಿನಾ ಬರ್ಲಿ ಬುಡಿ," ಎಂದು ಬಸಮ್ಮ ಪಾತ್ರೆ ತಂದಿಟ್ಟಳು.

ಕೊನೆಯಲ್ಲಿ ಭಾವ ಜೀಪಿನಿಂದ ಯೋಗೇಶನ ಫೋಟೋ ತಂದರು. ಹೋಗುವಾಗ ಬರುವಾಗ ಸತ್ತವರ ಮುಖ ಕಾಣಬಾರದೆಂದು ಅಕ್ಕ ಅದನ್ನು ಮನೆಯ ಗೋಡೆಗೆ ಹಾಕಲು ಬಿಟ್ಟಿರಲಿಲ್ಲ. ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ, ಗೋಣಿಚೀಲಗಳ ಹಿಂದೆ ಇತ್ತು. ಈಗ ಅದಕ್ಕೆ ಸಕಲೇಶಪುರದಿಂದ ಹೊಸ ಗಂಧದ ಹಾರ ಬಂದಿತ್ತು. ಭಾವ ತಾವೇ ಮೊಳೆ ಹೊಡೆದರು.

"ಸ್ವಲ್ಪ ಕೆಳೀಕೆ ಹಾಕಿ. ಒಳಗೆ ಬಂದ ತಕ್ಷಣ ಕಾಣ್ಬೇಕು," ಎಂದರು ಅಕ್ಕ.

ವಾರೆಯಾಗಿದ್ದ ಹಾರವನ್ನು ನಾನು ನೆಟ್ಟಗೆ ಮಾಡಿದೆ.

ಬಂದವರು ಮಹಾದೇವಯ್ಯ, ನಿವೃತ್ತ ಹೆಡ್ ಮಾಸ್ಟರು. ಭಾವ ತೋಟದ ಮಾಲೀಕರೆಂದಷ್ಟೇ ಹೇಳಿಕೊಂಡು ಬಾಗಿಲ ಹೊರಗೆ ನಿಂತರು. ಮಹಾದೇವಯ್ಯ ಚಾಪೆಯ ಮೇಲೆ ಕೂತು ಒಲೆ ನೋಡಿದರು, ಮಸಿ ಪಾತ್ರೆ ನೋಡಿದರು, ಫೋಟೋ ನೋಡಿದರು. ಅವರ ಕಣ್ಣು ತುಂಬಿತು.

"ಹುಡುಗಿ ನಿಮ್ಮ ಹತ್ರಾನೇ ಬೆಳೆದದ್ದಾ ತಾಯಿ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದಲ್ಲಿ ಕೂತಿದ್ದ ಧನುಶ್ರೀ ಅಂದಳು: "ಚಿಕ್ಕಪ್ಪ ಹೋದ್ಮೇಲೆ ನಮ್ಮಿಬ್ರಿಗೂ ಯಾರೂ ಇಲ್ಲ ಸಾರ್."

ಹೇಳುತ್ತಾ ಅತ್ತಳು. ಕಣ್ಣೀರೇ ಬಂತು. ಯೋಗೇಶನ ಮಣ್ಣಿಗೆ ಅವಳು ಬಂದಿರಲಿಲ್ಲ. ಪರೀಕ್ಷೆ ಹತ್ತಿರವಿದೆ, ಮನಸ್ಸು ಕೆಡುತ್ತದೆ ಎಂದು ಹಾಸ್ಟೆಲಿನಿಂದ ಕರೆಸಿರಲಿಲ್ಲ.

ಮಹಾದೇವಯ್ಯ ಜೇಬಿನಿಂದ ಇನ್ನೂರರ ನೋಟು ತೆಗೆದು ನನ್ನ ಅಂಗೈಯಲ್ಲಿಟ್ಟರು. "ಇದು ಟ್ರಸ್ಟಿಂದಲ್ಲಮ್ಮ, ನಂದು." ನೋಟು ಬೆವರಿನಿಂದ ಮೆತ್ತಗಾಗಿತ್ತು.

"ಇವಳಿಗೆ ಅಪ್ಪ ಅಮ್ಮ ಇಬ್ಬರೂ ಇದಾರೆ ಸಾರ್," ಎಂದೆ. "ಬಾಗಿಲಲ್ಲಿ ನಿಂತಿರೋರೇ ಅಪ್ಪ. ಈ ಮನೆ ಇವತ್ತು ಬೆಳಿಗ್ಗೆ ಜೋಡಿಸಿದ್ದು. ಪಾತ್ರೆ ಪಕ್ಕದ ಮನೇದು. ಫೋಟೋ ಒಂದೇ ನಂದು."

ಮಹಾದೇವಯ್ಯ ಎದ್ದು ಪಂಚೆ ಕೊಡವಿಕೊಂಡರು. ನಾನು ನೋಟು ಚಾಚಿದೆ. ಬೇಡವೆನ್ನುತ್ತಾರೇನೋ ಅಂದುಕೊಂಡಿದ್ದೆ. ತೆಗೆದುಕೊಂಡು ಮಡಚಿ ಜೇಬಿಗೆ ಹಾಕಿಕೊಂಡರು.

"ಗಂಡ ಸತ್ತವರು ಓದೋದಕ್ಕೆ ನಿಮ್ಮಲ್ಲಿ ಏನಾದರೂ ಇದೆಯಾ ಸಾರ್?" ಎಂದು ಕೇಳಿದೆ.

"ಇಲ್ಲಮ್ಮ. ನಮ್ಮದು ಹುಡುಗಿಯರಿಗೆ ಮಾತ್ರ."

ಅಂಥ ಹೊತ್ತಿನಲ್ಲೂ ಭಾವನಿಗೆ ಅಭ್ಯಾಸ ಬಿಡಲಿಲ್ಲ. "ಕಾಫಿ ಕುಡ್ಕೊಂಡು ಹೋಗಿ ಸಾರ್. ನಮ್ ತೋಟದ್ದೇ," ಎಂದರು. ಮಹಾದೇವಯ್ಯ ಅವರ ಮುಖವನ್ನೂ ನೋಡದೆ ಹೊರಟರು.

"ಒಂದು ಹೌದು ಅನ್ನಾಕೆ ನಾಲಗೆ ಬಿದ್ದೋಗಿತ್ತೇನೇ?" ಎಂದು ಅಲ್ಲಿಯವರೆಗೆ ಬಸಮ್ಮನ ಮನೆಯೊಳಗಿದ್ದ ಅಕ್ಕ ಹೊರಬಂದು ಕೂಗಿದರು. "ವರ್ಷದಿಂದ ಕೂರಿಸ್ಕೊಂಡು ಉಣ್ಣಾಕಿಕ್ಕಿದ್ದಕ್ಕೆ ಒಳ್ಳೆ ಮರ್ಯಾದೆ ಕೊಟ್ಟೆ!"

"ಬಿ.ಎಡ್ಡು ಗಿಯೆಡ್ಡು ಎಲ್ಲಾ ಮರ್ತ್ಬುಡು," ಎಂದರು ಭಾವ.

ಧನುಶ್ರೀ ಕಣ್ಣೊರೆಸಿಕೊಂಡು ನಿಜವಾಗಿಯೂ ಅರ್ಥವಾಗದವಳಂತೆ ಕೇಳಿದಳು. "ನಿಮಗೇನ್ ನಷ್ಟ ಆಗ್ತಿತ್ತು ಚಿಕ್ಕಮ್ಮ?"

ಜೀಪು ಹೋಯಿತು. ನಾನು ಹೋಗಲಿಲ್ಲ. ಬಸಮ್ಮ ತನ್ನ ಪಾತ್ರೆಗಳನ್ನು ಒಯ್ದಳು, ಅದರಲ್ಲೇ ಅನ್ನ ಮಾಡಿ ನನಗೂ ಬಡಿಸಿದಳು.

ಮರುದಿನ ಬೆಳಿಗ್ಗೆ ಸ್ಟೋರಿನ ಮುಂದೆ ಹಾಜರಿ. ಹೆಂಗಸರ ಸಾಲಿನಲ್ಲಿ ನನ್ನನ್ನು ಕಂಡು, ಆಳುಗಳ ಲೆಕ್ಕ ಬರೆಯುವ ರೈಟರ್ ರವಿ ಪೆನ್ನು ಎತ್ತಿದ.

"ನೀವ್ಯಾಕೆ ಅಕ್ಕಾರೆ ಇಲ್ಲಿ?"

"ಕಳೆ ಕೀಳೋದಕ್ಕೆ. ಹೆಸರು ಬರ್ಕೊಳ್ಳಿ."

"ಧಣಿಗಳು ನನ್ನ ತೆಗೆದೇ ಹಾಕ್ತಾರೆ."

ಅಷ್ಟರಲ್ಲಿ ಭಾವನೇ ಬಂದರು. "ಮನೆ ಸೊಸೆ ಆಳುಗಳ ಜೊತೆ ಕಳೆ ಕಿತ್ರೆ ಜನ ಏನಂತಾರೆ? ನಡಿ ಮನೆಗೆ."

"ಲೈನಿನವಳು ಅಂತ ನೀವೇ ತೋರಿಸಿದ್ರಲ್ಲ ಭಾವ."

"ಅದು ಒಂದಿನಕ್ಕೆ ಕಣಮ್ಮ!"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಭಾವ ಹತ್ತಿರ ಬಂದು ದನಿ ತಗ್ಗಿಸಿದರು. "ಫೀಸು ಕಟ್ತೀನಿ. ಮೊದ್ಲು ಆ ಸಾಲಿಂದ ಈಚೆ ಬಾ."

ಒಂದು ವರ್ಷ ಬೇಡಿದರೂ ಬಾರದ ಮಾತು ಈಗ ಅರ್ಧ ನಿಮಿಷದಲ್ಲಿ ಬಂತು. ಅವರ ಬಾಯಿಂದ ಬೆಳಗಿನ ಕಾಫಿಯ ವಾಸನೆ ಬರುತ್ತಿತ್ತು. ಹಿಂದೆ ಸರಿದೆ.

"ಕೂಲಿ ಕೊಡಿ, ಸಾಕು."

ರವಿ ಭಾವನ ಮುಖ ನೋಡಿದ. ರಸ್ತೆಯಲ್ಲಿ ಪಕ್ಕದ ತೋಟದವರ ಜೀಪು ನಿಧಾನವಾಯಿತು. ಭಾವ ಅದರ ಕಡೆ ಕೈ ಎತ್ತಿ ನಕ್ಕರು. ನಗುತ್ತಲೇ, ತುಟಿ ಅಲುಗಿಸದೆ, "ಬರ್ಕಳೋ ಅತ್ಲಾಗೆ," ಎಂದರು.

ಆ ವಾರ ಸ್ಟೋರಿನ ಮುಂದೆ ಲಾರಿ ಬಂತು. ಬೆಲೆ ಇನ್ನೂ ಏರಲಿ ಎಂದು ಭಾವ ಇಟ್ಟುಕೊಂಡಿದ್ದ ರೊಬಸ್ಟಾ ಕಾಫಿಯಲ್ಲಿ ಒಂದು ಲೋಡು ಹೋಯಿತು. ಧನುಶ್ರೀಯ ಹೆಸರಲ್ಲಿ ಹನ್ನೊಂದು ಕಾಲೇಜಿಗೂ ಅರ್ಜಿ ಬಿತ್ತು. ಸ್ಟೋರಿನಲ್ಲಿ ಇನ್ನೂ ಮೂಟೆಗಳಿದ್ದವು.

ಶನಿವಾರ ಬಟವಾಡೆಯಾಯಿತು. ಕೂಲಿ ಹಿಡಿದು ಹಾನುಬಾಳಿಗೆ ನಡೆದು, ಕಂಪ್ಯೂಟರ್ ಅಂಗಡಿಯಲ್ಲಿ ಬಿ.ಎಡ್.ಗೆ ಅರ್ಜಿ ಹಾಕಿಸಿದೆ.

"ಎಷ್ಟು ಕಾಲೇಜಿಗೆ ಮೇಡಂ?" ಎಂದು ಅಂಗಡಿಯವನು ಕೇಳಿದ.

"ಒಂದು," ಎಂದೆ. ಎರಡನೆಯದಕ್ಕೆ ದುಡ್ಡು ಸಾಲುತ್ತಿರಲಿಲ್ಲ.