ಚಕ್ರದ ಗುರುತಿಲ್ಲದ ದಾರಿ

ಸಭೆ ಶುರುವಾಗುವ ಮೊದಲೇ ನಾನು ಎಷ್ಟು ಸಲ ಎದ್ದು ಕೂತೆನೋ! ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಒಳಾಂಗಣದಲ್ಲಿ ಹಾಕಿದ್ದ ಆ ತಗಡಿನ ಕುರ್ಚಿಗಳ ಮೇಲೆ ಯಾರು ತಾನೆ ನೆಮ್ಮದಿಯಾಗಿ ಕೂತಾರು? ಗೋಡೆಗೆ ಭೂ ಇಲಾಖೆಯವರು ನಮ್ಮ ಕೌಂಟಿಯ ನಕ್ಷೆ ತೂಗುಹಾಕಿದ್ದರು. ಸರ್ಕಾರಿ ಗುಡ್ಡಗಾಡಿನಲ್ಲಿ ಮುಚ್ಚಬೇಕೆಂದಿದ್ದ ರಸ್ತೆಗಳಿಗೆಲ್ಲ ಕೆಂಪು ಗೆರೆ. ಹೇಸರಗತ್ತೆ ಕಣಿವೆಯ ನಮ್ಮ ದಾರಿಗೂ ಕೆಂಪು ಬಿದ್ದಿತ್ತು.

ಪಕ್ಕದಲ್ಲಿ ನನ್ನ ತಮ್ಮ ಡೆಲಾಯ್. ಮೂಗಿಗೆ ಆಮ್ಲಜನಕದ ಕೊಳವೆ, ಕಾಲ ಬಳಿ ಗಾಲಿಯ ಮೇಲೆ ಸಿಲಿಂಡರ್. ಕಲ್ಲಿದ್ದಲ ಗಣಿ ಅವನ ಎದೆ ತಿಂದುಹಾಕಿದೆ, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಆದರೂ ಪ್ರತಿ ಅಕ್ಟೋಬರಿನಲ್ಲಿ, ಬೇಟೆಯ ಕಾಲ ಬಂದಾಗ, ನನ್ನ ಪಿಕಪ್ ಹತ್ತಿ ಆ ಕಣಿವೆಯ ಬುಗ್ಗೆಯವರೆಗೆ ಬರುತ್ತಾನೆ. ಈಗ ಬಂದೂಕು ಮುಟ್ಟುವುದಿಲ್ಲ, ಕಂಬಳಿ ಹೊದ್ದು ಎಲ್ಕ್ ಜಿಂಕೆಗಳ ಕೂಗು ಕೇಳುತ್ತಾ ಕೂರುತ್ತಾನೆ. ವರ್ಷವಿಡೀ ಅವನು ಉಸಿರು ಹಿಡಿದಿರುವುದೇ ಆ ವಾರಕ್ಕಾಗಿ. ದಾರಿ ಮುಚ್ಚಿದರೆ ಅವನ ಪಾಲಿಗೆ ಆ ಕಣಿವೆ ಮುಗಿಯಿತು. ಬೇಕಾದವರು ನಡೆದು ಹೋಗಲಿ ಎನ್ನುತ್ತಾರೆ ಮುಚ್ಚಿಸುವವರು. ಹೇಳುವುದಕ್ಕೇನು, ನಾಲಿಗೆಗೆ ಮೂಳೆಯೇ?

ಒಬ್ಬರಾದ ಮೇಲೊಬ್ಬರು ಮೈಕಿನ ಮುಂದೆ ಕೂಗಾಡಿದರು. "ನಮ್ಮಜ್ಜ ಕಡಿದ ರಸ್ತೆ, ಮುಚ್ಚೋಕೆ ನೀವ್ಯಾರ್ರೀ?" ಎಂದ ಒಬ್ಬ. ಊರಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಗಾಡಿಗಳಿಂದ ಮಣ್ಣು ಹಾಳಾಗಿ ಪ್ರಾಣಿಗಳು ಓಡಿಹೋಗುತ್ತಿವೆ ಎಂದಳು.

"ನೀನು ಈ ಊರಿಗೆ ಹ್ಯಾಗ್ ಬಂದ್ಯಮ್ಮ, ಹಾರ್ಕೊಂಡಾ?" ಎಂದು ಮುಂದಿನ ಸಾಲಿನಿಂದ ಆರಿನ್ ಕಿಚಾಯಿಸಿದ. ಸಭೆಯೆಲ್ಲ ನಕ್ಕಿತು. ಈ ಆರಿನ್ ನಮ್ಮ ಪಕ್ಕದ ಮನೆಯವ. ನಮಗೆ ಎಲ್ಕ್ ಎಲ್ಲಿ ಸಿಗುತ್ತದೆಂದು ಎಷ್ಟೋ ವರ್ಷದಿಂದ ಮೂಸುತ್ತಾ ಓಡಾಡುತ್ತಿದ್ದಾನೆ, ಪುಣ್ಯಾತ್ಮ.

ಅಷ್ಟರಲ್ಲಿ ಇಲಾಖೆಯ ಅಧಿಕಾರಿ ಹುಡುಗಿ ನಮ್ಮ ಕೆಂಪು ಗೆರೆಯ ಮೇಲೆ ಬೆರಳಿಟ್ಟಳು. "ಈ ಕಣಿವೆಗೆ ಪ್ರತಿ ವರ್ಷ ಹೋಗಿ ನೋಡಿದೀವಿ. ಹಳೇ ಕಾಗದದಲ್ಲಿ ಗೆರೆ ಇದೆ ಅಷ್ಟೆ, ನೆಲದ ಮೇಲೆ ರಸ್ತೇನೇ ಇಲ್ಲ. ಒಂದು ಚಕ್ರದ ಗುರುತೂ ಇಲ್ಲ, ಯಾರೂ ಬಳಸ್ತಿಲ್ಲ. ಬಳಸೋರು ಇದ್ರೆ ಇವತ್ತೇ ಹೇಳಿ. ತೆರೆದಿಡ್ತೀವಿ, ನಂಬರ್ ಕೊಟ್ಟು ಜನರಿಗೆ ಹಂಚೋ ನಕ್ಷೇಲೂ ಹಾಕ್ತೀವಿ."

ಗುರುತು ಎಲ್ಲಿಂದ ಬರಬೇಕು! ನಮ್ಮಪ್ಪನ ಕಾಲದಿಂದಲೂ ಕಣಿವೆಯಿಂದ ಹೊರಬರುವಾಗ ಗಾಡಿಯ ಹಿಂದೆ ಜುನಿಪರ್ ಮರದ ದಪ್ಪ ಕೊಂಬೆ ಕಟ್ಟಿ ಎಳೆದುಕೊಂಡು ಬರುತ್ತೇವೆ, ಚಕ್ರದ ಗುರುತು ಅಳಿಸಿಹೋಗಲೆಂದು. ಎಲ್ಕ್ ಇರುವ ಜಾಗವನ್ನು ನಮ್ಮ ಕಡೆ ಅಳಿಯನಿಗೂ ತೋರಿಸುವುದಿಲ್ಲ. ಅಷ್ಟು ಜತನದಿಂದ ಗುಡಿಸಿ ಗುಡಿಸಿ ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡಿದ್ದೆವು.

"ನಾನು ಹೇಳ್ಬಿಡ್ತೀನಿ ಕಣೋ," ಎಂದು ಪಿಸುಗುಟ್ಟಿದೆ.

"ಬೇಡ ಅಕ್ಕ. ನಕ್ಷೇಲಿ ಹಾಕಿದ್ರೆ ಮುಂದಿನ ವರ್ಷ ಆರಿನ್ ಅಲ್ಲೇ ಟೆಂಟ್ ಹಾಕಿರ್ತಾನೆ. ಅವನ ಹಿಂದೆ ಊರೇ ಬರತ್ತೆ. ಒಂದು ಎಲ್ಕೂ ಉಳಿಯಲ್ಲ."

"ಉಳಿದ್ರೆಷ್ಟು ಬಿಟ್ರೆಷ್ಟು! ಮುಚ್ಚಿದ್ರೆ ನೀನು ಹ್ಯಾಗೋ ಹೋಗ್ತೀಯ?"

"ನಾನು ಹೋಗಲ್ಲ. ಅವು ಇರ್ತವಲ್ಲ, ಸಾಕು."

ಮೈಯೆಲ್ಲ ಉರಿದುಹೋಯಿತು. ಇವನ ದೊಡ್ಡತನಕ್ಕಿಷ್ಟು ಬೆಂಕಿ ಹಾಕ! ನನಗೆ ಬೇಕಾಗಿದ್ದದ್ದು ಎಲ್ಕ್ ಅಲ್ಲ, ಕಂಬಳಿ ಹೊದ್ದು ನಗುವ ನನ್ನ ತಮ್ಮ. ದಡದಡನೆ ಹೋಗಿ ಮೈಕ್ ಹಿಡಿದೆ.

"ಆ ಕಣಿವೆಗೆ ರಸ್ತೆ ಇದೆ. ನಾವು ಪ್ರತಿ ವರ್ಷ ಹೋಗ್ತೀವಿ."

ಆರಿನ್ ಕುರ್ಚಿಯಲ್ಲೇ ಪೂರ್ತಿ ನನ್ನ ಕಡೆ ತಿರುಗಿದ. ಅಧಿಕಾರಿ ಹುಡುಗಿ, "ಹಂಗಾದ್ರೆ ಗುರುತು ಯಾಕಿಲ್ಲಮ್ಮ?" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಗಾಲಿಯ ಕಿರಕಿರ ಕೇಳಿತು. ಡೆಲಾಯ್ ಬರುತ್ತಿದ್ದ. ನಿಂತು ಉಸಿರು ಎಳೆದುಕೊಂಡ, ಮತ್ತೆ ಬಂದ, ಮತ್ತೆ ನಿಂತ. ನನ್ನ ಕೈಯಿಂದ ಮೈಕ್ ತೆಗೆದುಕೊಂಡ.

"ನಮ್ಮಕ್ಕ ಬೇರೆ ಕಣಿವೆ ಜೊತೆ ಕಲಸ್ಕೊಂಡಿದಾಳೆ. ವಯಸ್ಸಾಯ್ತು. ರಸ್ತೆ ಇಲ್ದೆ ಎಲ್ಲಿಗೂ ಹೋಗಕ್ಕಾಗದೋನು ನಾನು. ಇದ್ದಿದ್ರೆ ಇಲ್ಲ ಅಂತೀನಾ?"

ಎಂಥ ಸುಳ್ಳ! ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತುಟಿ ಮಾತ್ರ ನೀಲಿಯಾಗಿತ್ತು.

ಹುಡುಗಿ ನನ್ನನ್ನೇ ನೋಡಿದಳು. "ನೀವು ಹೇಳಿ ಅಮ್ಮ. ರಸ್ತೆ ಇದ್ಯೋ ಇಲ್ವೋ?"

ಜುನಿಪರ್ ಕೊಂಬೆಯ ಮಾತು ಗಂಟಲವರೆಗೆ ಬಂದಿತ್ತು. ಅದೊಂದನ್ನು ಹೇಳಿದರೆ ಅವನ ಅಕ್ಟೋಬರ್ ಅವನಿಗೆ ಸಿಗುತ್ತಿತ್ತು. ತಮ್ಮನ ಕಡೆ ತಿರುಗಿದೆ. ಅಪ್ಪ ಸತ್ತಾಗಲೂ ಯಾರ ಮುಂದೆಯೂ ಕೈಯೊಡ್ಡದವನು ಬೇಡುತ್ತಿದ್ದ, ಕಣ್ಣಲ್ಲೇ.

"ಇಲ್ಲ," ಎಂದೆ. "ಅಲ್ಲಿ ರಸ್ತೆ ಇಲ್ಲ."

ಹೇಳಿ ಅಷ್ಟೂ ಜನರ ಎದುರಿಗೆ ಅತ್ತುಬಿಟ್ಟೆ. "ಪಾಪ, ಎಲ್ಲಾ ಮರೀತಿದ್ದೀಯಲ್ಲ ನೆಲ್ಡಾ," ಎಂದು ಆರಿನ್ ನೀರು ತಂದುಕೊಟ್ಟ.