ಹೊರಡುವ ದಿನದ ನೋವು

ಸೊಂಟದ ಮೂಳೆಗೆ ಆಪರೇಷನ್ ಆದಮೇಲೆ ಆಸ್ಪತ್ರೆಯವರು ಹನುಮಕ್ಕನನ್ನು ತಿಪಟೂರಿನ ಒಂದು ಆರೈಕೆ ಮನೆಗೆ ತಂದು ಬಿಟ್ಟಿದ್ದರು. ರೋಗಿಗಳನ್ನು ಎದ್ದು ಓಡಾಡುವವರೆಗೆ ಇಟ್ಟುಕೊಂಡು ಊರಿಗೆ ಕಳಿಸುವ ಜಾಗ ಅದು. ಕಿಬ್ಬನಹಳ್ಳಿಯಲ್ಲಿ ಕೊಬ್ಬರಿ ಒಡೆದು ಬದುಕುವ ಅವಳಿಗೆ ಬಾಡಿಗೆ ಕೋಣೆಯಲ್ಲಿ ಒಂದು ಲೋಟ ನೀರು ಕೊಡುವವರೂ ಇರಲಿಲ್ಲ. ಎದುರಿನ ಎಸ್‌ಟಿಡಿ ಬೂತಿನಿಂದ ಯಾರಿಗಾದರೂ ಫೋನ್ ಮಾಡಿಸೋಣವೇ ಎಂದರೆ, ಕೊಡಲು ಒಂದು ನಂಬರೂ ಇರಲಿಲ್ಲ.

ಬಂದ ದಿನವೇ ನರ್ಸ್ ಅನುಪಮಾ ನೋವು ಎಷ್ಟಿದೆ ಎಂದು ಕೇಳಿದ್ದಳು. ಜೀವ ಹೋಗುವಷ್ಟಿತ್ತು. ಆದರೆ ಹೊಸಬರ ಮನೆಗೆ ಕಾಲಿಟ್ಟ ಕೂಡಲೇ ಗೋಳು ತೋಡಿಕೊಳ್ಳುವುದು ಹನುಮಕ್ಕನ ಕಡೆಯವರಿಗೆ ಗೊತ್ತಿಲ್ಲ. ಮೊದಲು ಚೆನ್ನಾಗಿದ್ದೀನಿ ಎನ್ನಬೇಕು. ಉಂಡು ಎಲೆಯಡಿಕೆ ಹಾಕಿಕೊಂಡ ಮೇಲೆ ಕಷ್ಟಸುಖ. ಹಾಗಾಗಿ ಏನೂ ಇಲ್ಲ ಎಂದಳು. ಹುಡುಗಿ ಸೊನ್ನೆ ಬರೆದುಕೊಂಡಳು. ಎಲೆಯಡಿಕೆಯ ಹೊತ್ತಿಗೆ ಕಾಯಬೇಕೆಂದು ಯಾವ ನರ್ಸಿಂಗ್ ಶಾಲೆಯಲ್ಲಿ ಕಲಿಸುತ್ತಾರೆ?

ಆಮೇಲೆ ಅನುಪಮಾ ದಿನವೂ ಅವಳ ಕೈಹಿಡಿದು ವರಾಂಡದಲ್ಲಿ ನಡೆಸಿದಳು. ಗಂಡ ತೀರಿಕೊಂಡ ಮೇಲೆ ಹನುಮಕ್ಕನಿಗೆ ನೋಯುತ್ತದೆಯೇ ಎಂದು ಕೇಳಿದವಳು ಅವಳೊಬ್ಬಳೇ. ಅದಕ್ಕೇ ಹೊರಡುವ ಬೆಳಿಗ್ಗೆ ಅದೇ ಪ್ರಶ್ನೆ ಬಂದಾಗ ಮನಸ್ಸು ಬಿಚ್ಚಿ ಹೇಳಿದಳು. ಮೊದಲಿನಷ್ಟಿಲ್ಲ, ಆದರೂ ಮಗ್ಗುಲು ಬದಲಿಸಿದರೆ ಚುಚ್ಚುತ್ತದೆ, ಮೆಟ್ಟಿಲು ಕಂಡರೆ ಭಯ.

ಹುಡುಗಿಯ ಮುಖ ಸಪ್ಪಗಾಯಿತು. ಈ ಆರೈಕೆ ಮನೆ ನಡೆಸುವ ಟ್ರಸ್ಟಿನವರು, ರೋಗಿ ಬಂದ ದಿನದ ನೋವನ್ನೂ ಹೋಗುವ ದಿನದ ನೋವನ್ನೂ ಎದುರುಬದುರು ಇಟ್ಟು ನೋಡುತ್ತಾರಂತೆ. ನೂರಕ್ಕೆ ಎಷ್ಟು ಜನಕ್ಕೆ ನೋವು ಹೆಚ್ಚಾಗಿದೆ ಎಂಬುದರ ಮೇಲೆ ವಾರ್ಡಿನ ಯೋಗ್ಯತೆ ಅಳೆಯುತ್ತಾರಂತೆ. ಬಂದ ದಿನದ್ದನ್ನು ಈಗ ತಿದ್ದುವ ಹಾಗಿಲ್ಲ. ಸೊನ್ನೆ ಇದ್ದದ್ದು ಮೇಲೇರಿದರೆ, ಇಲ್ಲಿಗೆ ಬಂದೇ ಅವಳ ಸೊಂಟ ಕೆಟ್ಟಿತು ಎಂದಾಗುತ್ತದೆ. ಇಷ್ಟು ಹೇಳಿ ಅನುಪಮಾ ಪೆನ್ನನ್ನು ಹಾಳೆಯ ಮೇಲೆ ಹಿಡಿದಳು. ಸುಳ್ಳು ಹೇಳಿ ಎಂದು ಬಾಯಿಬಿಟ್ಟು ಕೇಳಲಿಲ್ಲ, ಅಷ್ಟು ಒಳ್ಳೆಯವಳೇ.

"ನೋವಿಲ್ಲ ಅಂತ್ಲೇ ಬರ್ಕೊಳವ್ವ. ನಂದೇನು ಬುಡು," ಎಂದಳು ಹನುಮಕ್ಕ.

ಹೇಳಿ ಅವಳ ಮುಖವನ್ನೇ ನೋಡಿದಳು. ಬೇಡ ಅಜ್ಜಿ, ಇರೋದನ್ನೇ ಹೇಳಿ ಎಂದು ಇನ್ನೊಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಹನುಮಕ್ಕ ಮಾತು ಬದಲಿಸುತ್ತಿರಲಿಲ್ಲ. ಕೇಳಿದಳಲ್ಲ ಎಂಬ ಸಮಾಧಾನ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದಳು, ಅಷ್ಟೇ.

ಅನುಪಮಾ ಬೇಗಬೇಗ ಬರೆದಳು. ಥ್ಯಾಂಕ್ಸ್ ಅಜ್ಜಿ ಎಂದಳು. ಆಮೇಲೆ ಪಕ್ಕದ ಮಂಚಕ್ಕೆ ಹೋಗಿ, ಆಗತಾನೇ ಬಂದಿದ್ದ ಬೋರಮ್ಮನನ್ನು ನೋವು ಎಷ್ಟಿದೆ ಎಂದು ಕೇಳತೊಡಗಿದಳು.