ಮೇಲಿನ ಮನೆಯ ಕೇರಂ ಬೋರ್ಡು

ನನ್ನನ್ನು ಮಾಡಿದವರು ದಾವಣಗೆರೆಯ ಕಾಳಾಚಾರಿ ಎಂಬ ಬಡಗಿ. ಜಾಲಿ ಮರದ ನಾಲ್ಕು ಪಟ್ಟಿ ಕೂಡಿಸಿ ಚೌಕಟ್ಟು ಕಟ್ಟಿದರು. ನಡುವೆ ಪ್ಲೈವುಡ್ ಹಾಳೆ ಕೂರಿಸಿದರು. ನಾಲ್ಕು ಮೂಲೆಗೂ ದುಂಡಗೆ ತೂತು ಕೊರೆದು, ಕೆಳಗೆ ನೂಲಿನ ಜಾಳಿಗೆ ಬಿಗಿದರು. ಆಮೇಲೆ ಎರಡು ದಿನ ಮರಳು ಕಾಗದದಿಂದ ನನ್ನ ಮೈ ಉಜ್ಜಿದರು. ಅಂಗೈ ಸವರಿ ನೋಡುವರು, ತಲೆ ಅಲ್ಲಾಡಿಸುವರು, ಮತ್ತೆ ಉಜ್ಜುವರು. ಕೊನೆಗೆ ಕೆಂಪು, ಕಪ್ಪು ಬಣ್ಣದಲ್ಲಿ ಗೆರೆಗಳನ್ನೂ ವೃತ್ತಗಳನ್ನೂ ಬರೆದು ಬಾಗಿಲ ಪಕ್ಕ ಒಣಗಲು ಇಟ್ಟರು. ದಾರಿಯಲ್ಲಿ ಹೋಗುವವರೆಲ್ಲ ಒಮ್ಮೆ ನಿಂತು ಬೆರಳು ಚಿಮ್ಮಿ ನೋಡಿ ಹೋದರು. ನಾನು ಕೇರಂ ಬೋರ್ಡು ಎಂದು ನನಗೆ ತಿಳಿದದ್ದು ಹಾಗೆ.

ಹದಿನೇಳು ವರ್ಷ ನಾನು ಒಂದು ಹತ್ತಿ ಗಿರಣಿಯ ವಿಶ್ರಾಂತಿ ಕೋಣೆಯಲ್ಲಿದ್ದೆ. ಪಾಳಿ ಮುಗಿಸಿ ಬಂದವರು ತಲೆಯ ಮೇಲಿನ ಹತ್ತಿಯನ್ನೂ ಕೊಡವದೆ ಆಡಲು ಕೂರುತ್ತಿದ್ದರು. ನನ್ನ ಜಾಗದಿಂದ ಮುಖಗಳಿಗಿಂತ ಕೈಗಳು ಚೆನ್ನಾಗಿ ಕಾಣುತ್ತವೆ. ಯಾರು ಸಿಟ್ಟಿನಲ್ಲಿದ್ದಾರೆ, ಯಾರಿಗೆ ಜ್ವರ, ಯಾರಿಗೆ ಮನೆಗೆ ಹೋಗುವ ಮನಸ್ಸಿಲ್ಲ ಎಂಬುದನ್ನು ಬೆರಳಿನಲ್ಲೇ ಓದಲು ಅಲ್ಲಿ ಕಲಿತೆ. ಒಂದು ದಿನ ಗಿರಣಿ ಮುಚ್ಚಿತು. ಕೋಣೆಗೆ ಬೀಗ ಬಿತ್ತು. ನಾಲ್ಕು ಮಳೆಗಾಲ ಗೋಡೆಗೊರಗಿ ನಿಂತಿದ್ದು, ಆಮೇಲೆ ಹಳೇ ಸಾಮಾನಿನ ಅಂಗಡಿ ಸೇರಿದೆ. ಮುರಿದ ಕುರ್ಚಿ, ಫ್ಯಾನುಗಳ ಹಿಂದೆ ನನ್ನನ್ನು ಇಟ್ಟಿದ್ದರು.

ಅಲ್ಲಿಂದ ನನ್ನನ್ನು ಎತ್ತಿಕೊಂಡವಳು ವಿನುತಾ. ಇಪ್ಪತ್ತೆಂಟರ ಹುಡುಗಿ. ಮನಸ್ಸಿಗೆ ನೋವಾದವರ ಮಾತು ಕೇಳಿ ದಾರಿ ತೋರಿಸುವ ಆಪ್ತಸಮಾಲೋಚಕಿ. ಆಟೋದಲ್ಲಿ ನನ್ನನ್ನು ತೊಡೆಯ ಮೇಲೆ ಅಡ್ಡಲಾಗಿ ಹಿಡಿದುಕೊಂಡು ಬಂದಳು. ಅವಳದು ಮಹಡಿಯ ಮೇಲಿನ ಒಂದೇ ಕೋಣೆಯ ಮನೆ.

ಕೆಲಸದಿಂದ ಬಂದ ಮೇಲೆ ಅವಳಿಗೆ ಬೇರೆಯೇ ಒಂದು ಬದುಕಿತ್ತು. ಚಪ್ಪಲಿ ಬಿಟ್ಟು, ಮುಖ ತೊಳೆದು, ಕಿಟಕಿಯ ದವನದ ಕುಂಡಕ್ಕೆ ನೀರು ಹಾಕುವಳು. ಎಲೆ ಸವರಿ ಕೈ ಮೂಸುವಳು. ವಾಚನಾಲಯದವರು ಹರಿದಿದೆಯೆಂದು ತೆಗೆದುಹಾಕಿದ ಪತ್ತೇದಾರಿ ಕಾದಂಬರಿಗಳನ್ನು ತಂದು, ಕೊನೆಯ ಪುಟ ಮೊದಲು ಓದುವಳು. ಭಾನುವಾರ ಹೆಂಚಿನ ಮುಂದೆ ಪ್ರತಿಜ್ಞೆ ಮಾಡಿದವಳಂತೆ ನಿಂತು ಬೆಣ್ಣೆ ದೋಸೆ ಹುಯ್ಯುವಳು. ಮೊದಲಿನ ಎರಡು ಯಾವತ್ತೂ ಹರಿಯುತ್ತಿದ್ದವು. ಆಮೇಲೆ ನನ್ನನ್ನು ಚಾಪೆಯ ಮೇಲೆ ಎಳೆದುಕೊಂಡು, ಪೌಡರ್ ಉದುರಿಸಿ, ಬಿಳಿಗೂ ಕರಿಗೂ ತಾನೇ ಆಡುವಳು. ಕೆಂಪು ರಾಣಿ ಬಿದ್ದಾಗ ಒಬ್ಬಳೇ ಇದ್ದರೂ ಹೋ ಎಂದು ಕೂಗುವಳು.

ಆ ಕೂಗಿಗೇ ಬಾಯವ್ವ ಮೇಲೆ ಬಂದದ್ದು. ಕೆಳಗಿನ ಮನೆಯ ತುಳಜಾಬಾಯಿಯನ್ನು ಓಣಿಯವರೆಲ್ಲ ಬಾಯವ್ವ ಎನ್ನುತ್ತಿದ್ದರು. ಅರವತ್ತು ದಾಟಿದ ಅವರು ಕುಪ್ಪಸ ಹೊಲಿಯುವವರು. ಮನೆಯ ಒಡತಿಯೂ ಅವರೇ. ತಲೆಯ ಮೇಲೆ ಟಕಟಕ ಸದ್ದೂ ಕೂಗೂ ಎದ್ದರೆ ಸೂಜಿಗೆ ದಾರ ಪೋಣಿಸುವುದು ಹೇಗೆ ಎಂದು ಕೇಳಲು ಬಂದವರು, ಆಟ ನೋಡುತ್ತ ಬಾಗಿಲಲ್ಲೇ ನಿಂತರು. ಸ್ವಲ್ಪ ಹೊತ್ತಿಗೆ ಚಾಪೆಯ ತುದಿಗೆ ಕೂತರು. ತಿಂಗಳೊಳಗೆ ವಿನುತಾಳನ್ನು ಸೋಲಿಸತೊಡಗಿದರು. ಹೊಲಿಗೆಯವರ ಬೆರಳು ಅಳತೆ ತಪ್ಪುವುದಿಲ್ಲ.

ದಿನಾ ಸಂಜೆ ಆರೂವರೆಗೆ ಆಟ. ಕೆಲಸದ ಮಾತು ಆಡಕೂಡದೆಂದು ವಿನುತಾಳೇ ಮಾಡಿದ ನಿಯಮ. ಬಾಯವ್ವ ತಾವೇ ಓಣಿಯ ಕಥೆ ಹೇಳುತ್ತಿದ್ದರು: ಯಾರ ತೋಳು ದಪ್ಪವಾಯಿತು, ಯಾರು ಅಳತೆಗೆಂದು ಅಕ್ಕನ ಹಳೇ ಕುಪ್ಪಸ ಕೊಟ್ಟು ಮೋಸಹೋದರು. ವಿನುತಾ ನಗುತ್ತ ಮೊಣಕೈಯಿಂದ ಕಾಯಿ ಸರಿಸುವಳು. ಬಾಯವ್ವ ನೋಡಿದರೂ ಸುಮ್ಮನಿರುವರು. ಎರಡು ವರ್ಷ ಹೀಗೇ ಕಳೆಯಿತು.

ಮಾಘದ ಒಂದು ಮಂಗಳವಾರ ಮಧ್ಯಾಹ್ನ ವಿನುತಾ ಹೊತ್ತಿಗೆ ಮುಂಚೆ ಮನೆಗೆ ಬಂದಳು. ಚಪ್ಪಲಿ ಬಿಡಲಿಲ್ಲ. ಫೋನು ಕಿವಿಯಲ್ಲಿತ್ತು. ‘ಹೂಂ, ಹೂಂ’ ಎಂದಷ್ಟೇ ಹೇಳಿ ಕೆಳಗಿಟ್ಟಳು. ಏಳು ತಿಂಗಳಿಂದ ಅವಳ ಬಳಿ ಬರುತ್ತಿದ್ದ ಒಬ್ಬರು ತಮ್ಮ ಜೀವ ತೆಗೆದುಕೊಂಡಿದ್ದರು. ಗುರುವಾರ ಅವರು ಮತ್ತೆ ಬರುವವರಿದ್ದರು. ಸಂಜೆ ಬಾಯವ್ವ ಆಟಕ್ಕೆ ಬಂದಾಗ ಇದನ್ನು ಅವರಿಗೆ ಒಂದೇ ವಾಕ್ಯದಲ್ಲಿ ತಿಳಿಸಿದಳು. ಹೆಸರು ಹೇಳಲಿಲ್ಲ, ಗಂಡೋ ಹೆಣ್ಣೋ ಎಂದೂ ಹೇಳಲಿಲ್ಲ. ಆಮೇಲೆ ಗಡಿಯಾರ ನೋಡಿ, ಆರೂವರೆಯಾಯಿತೆಂದು ಕಾಯಿ ಜೋಡಿಸಿದಳು.

ಆ ಸಂಜೆ ಅವಳ ಒಂದು ಹೊಡೆತವೂ ತಪ್ಪಲಿಲ್ಲ.

ಮರುದಿನವೂ ತಪ್ಪಲಿಲ್ಲ. ಅದರ ಮರುದಿನವೂ. ಅಂಥ ಆಟವನ್ನು ನಾನು ಗಿರಣಿಯಲ್ಲೂ ಕಂಡಿರಲಿಲ್ಲ. ಬೆರಳು ನಡುಗದು, ಬೆವರದು, ಅವಸರಿಸದು. ಸ್ಟ್ರೈಕರ್ ಹೋಗಬೇಕಾದಲ್ಲಿಗೆ ಹೋಗುವುದು, ಕಾಯಿ ಬೀಳಬೇಕಾದಲ್ಲಿ ಬೀಳುವುದು. ರಾಣಿ ಬಿದ್ದರೂ ಅವಳು ಮುಂದಿನ ಕಾಯಿಗೆ ಗುರಿಯಿಡುವಳು. ಆಟ ಮುಗಿದದ್ದನ್ನು ಬಾಯವ್ವ ಹೇಳಬೇಕಿತ್ತು. ಆಗ ಅವಳು ನನ್ನ ಖಾಲಿ ಮೈಯನ್ನು ನೋಡಿ ‘ಓ’ ಎಂದು ಮತ್ತೆ ಜೋಡಿಸುವಳು. ಕೆಲಸಕ್ಕೂ ಹೊತ್ತಿಗೆ ಸರಿಯಾಗಿ ಹೋಗಿ ಬರುತ್ತಿದ್ದಳು. ಅಳಲಿಲ್ಲ. ಹೊರಗಿನಿಂದ ನೋಡಿದವರಿಗೆ ಅವಳಲ್ಲಿ ಕೆಟ್ಟದ್ದೇನೂ ಕಾಣುತ್ತಿರಲಿಲ್ಲ.

ಆಮೇಲೆ ಸಾಮಾನು ಕೆಳಗಿಳಿಯತೊಡಗಿತು. ಮೊದಲು ಕಾದಂಬರಿಗಳು, ಓದಿ ಆಗಿದೆ ಎಂದಳು. ಮುಂದಿನ ವಾರ ದವನದ ಕುಂಡ. ಕೆಳಗೆ ಬಿಸಿಲು ಚೆನ್ನಾಗಿದೆ ಎಂದಳು. ಆಮೇಲೆ ದೋಸೆಯ ಹೆಂಚು. ಬಾಯವ್ವ ಒಂದೊಂದನ್ನೂ ತೆಗೆದುಕೊಂಡರು. ಅವರ ಬೆರಳು ಮಾತ್ರ ಆ ದಿನಗಳಲ್ಲಿ ಆಟದಲ್ಲಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನನ್ನ ಸರದಿ ಬಂತು. ವಿನುತಾ ನನ್ನನ್ನು ಎತ್ತಿಕೊಂಡು ಮೆಟ್ಟಿಲಿಳಿದು, ಬಾಯವ್ವನ ಹೊಲಿಗೆ ಯಂತ್ರಕ್ಕೆ ಒರಗಿಸಿದಳು. ಬಾಯವ್ವ ಕುಪ್ಪಸಕ್ಕೆ ಹುಕ್ಕು ಹಾಕುತ್ತಿದ್ದರು.

“ಇಟ್ಕೊಳ್ಳಿ ಬಾಯವ್ವ. ಇನ್ನು ನನಗೆ ಬೇಕಾಗಲ್ಲ.”

ಬಾಯವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು. ಅವಳನ್ನು ಎದುರಿಗೆ ಕೂರಿಸಿಕೊಂಡರು.

“ನೇರ ಕೇಳ್ತೀನವ್ವ. ಸಾಯಬೇಕು ಅನ್ನಿಸ್ತೈತೇನು?”

ಹೊರಗೆ ಯಾರೋ ಸೊಪ್ಪು ಕೂಗಿಕೊಂಡು ಹೋದರು.

“ಈ ಪ್ರಶ್ನೆ ನಾನು ಬೇರೆಯವರಿಗೆ ಕೇಳೋದು” ಎಂದಳು.

“ಈಗ ನಾನು ಕೇಳ್ತಿದೀನಿ.”

“ಸಾಯಬೇಕು ಅಂತಿಲ್ಲ. ಇರಬೇಕು ಅಂತಾನೂ ಇಲ್ಲ. ಮಲಗಿದೋಳು ಏಳದೇ ಇದ್ರೂ ನಡೀತೈತೆ ಅನ್ನಿಸ್ತೈತೆ ಬಾಯವ್ವ. ಅಷ್ಟೇ. ಅದಕ್ಕೆ ದುಃಖಾನೂ ಆಗ್ತಿಲ್ಲ.”

ಬಾಯವ್ವ ಅವಳ ಎರಡೂ ಕೈಗಳನ್ನು ಹಿಡಿದುಕೊಂಡರು. ಹಿಡಿಸಿಕೊಂಡ ಕೈ ಅಲ್ಲಾಡಲಿಲ್ಲ.

“ನನ್ನ ತಮ್ಮ ಒಬ್ಬಿದ್ದ. ಕೈಗಡಿಯಾರ ಕೊಟ್ಟ, ಸೈಕಲ್ ಕೊಟ್ಟ, ಹೊಸಾ ಅಂಗಿ ಕೊಟ್ಟ. ಎಷ್ಟು ಒಳ್ಳೇನು ಅಂತ ಎಲ್ಲಾ ಇಸ್ಕೊಂಡ್ವಿ. ಯಾಕೋ ಅಂತ ಒಬ್ರೂ ಕೇಳ್ಲಿಲ್ಲ” ಎಂದರು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡರು. “ನಿನಗೆ ಈ ಕೆಲಸದ ಪಾಠ ಹೇಳಿದ ಮೇಡಂ ಇದಾರಲ್ಲ, ಅವರಿಗೆ ಫೋನ್ ಹಚ್ಚು.”

“ಇವತ್ತು ಭಾನುವಾರ.”

“ಹಚ್ಚವ್ವ.”

ವಿನುತಾ ಫೋನು ಮಾಡಿದಳು. ಬಾಯವ್ವ ಅರ್ಧ ಹೊಲಿದ ಕುಪ್ಪಸವನ್ನು ನನ್ನ ಮೇಲೆ ಹಾಕಿ, ಬಾಗಿಲು ಎಳೆದುಕೊಂಡು, ಅವಳ ಜೊತೆ ಆಟೋ ಹತ್ತಿದರು. ಸಂಜೆ ಇಬ್ಬರೂ ಒಟ್ಟಿಗೇ ವಾಪಸು ಬಂದರು. ಆ ದಿನದಿಂದ ವಿನುತಾ ಕೆಳಗಿನ ಮನೆಯಲ್ಲೇ ಮಲಗಿದಳು.

ಕೆಲಸಕ್ಕೆ ಮೂರು ತಿಂಗಳ ರಜೆ ಹಾಕಿದಳು. ವಾರಕ್ಕೆರಡು ಸಲ ಆ ಮೇಡಂ ಪ್ರಫುಲ್ಲಾ ಅವರಲ್ಲಿಗೆ ಹೋಗುವಳು. ಮೊದಮೊದಲು ಬಾಯವ್ವ ಜೊತೆಗೆ ಹೋಗಿ ಹೊರಗೆ ಬೆಂಚಿನ ಮೇಲೆ ಕೂತು ಹುಕ್ಕು ಹಾಕುತ್ತಿದ್ದರಂತೆ. ಒಂದು ಗುಳಿಗೆಯೂ ಇತ್ತು. ಕೊಟ್ಟ ಸಾಮಾನನ್ನು ಬಾಯವ್ವ ಹಿಂದಿರುಗಿಸಲಿಲ್ಲ. ಕೇಳಿದಾಗ ಕೊಡುತ್ತೇನೆ, ಅಲ್ಲಿಯವರೆಗೆ ಜೋಪಾನ ಮಾಡುತ್ತೇನೆ ಎಂದಿದ್ದರು. ವಿನುತಾ ಕೇಳಲಿಲ್ಲ. ತಟ್ಟೆಗೆ ಹಾಕಿದ್ದನ್ನು ಉಪ್ಪು, ಖಾರ ಎನ್ನದೆ ತಿಂದು ಏಳುವಳು. ದಿನಗಳು ಒಂದರಂತೆ ಇನ್ನೊಂದು ಹೋದವು. ಸಂಜೆ ಒಂದಿಷ್ಟು ಹೊತ್ತು ಆಡುವರು. ಅವಳು ಸೋಲತೊಡಗಿದ್ದಳು. ಸೋತರೂ ಅವಳ ಕೈಯಲ್ಲಿ ನಾನು ಏನನ್ನೂ ಓದಲಾರದೆ ಹೋದೆ.

ಕಾರ್ತಿಕದಲ್ಲಿ, ಇಬ್ಬರೂ ಹೊರಗೆ ಹೋಗಿದ್ದ ಒಂದು ದಿನ, ಅಡುಗೆಮನೆಯ ನಲ್ಲಿ ಒಡೆಯಿತು. ಗೋಡೆಗೊರಗಿದ್ದ ನಾನು ಒಂದು ಹಗಲು ಪೂರ್ತಿ ನೀರಿನಲ್ಲಿ ನಿಂತೆ. ನನ್ನ ಒಂದು ಬದಿ ಉಬ್ಬಿತು, ಪ್ಲೈವುಡ್ಡು ಪದರ ಬಿಟ್ಟಿತು. ಕಾಯಿಗಳು ಹೊಡೆದ ಕಡೆ ಹೋಗದೆ ಇಳಿಜಾರಿನ ಕಡೆ ಸರಿದವು. ಅಷ್ಟರಲ್ಲಿ ವಿನುತಾ ಕೆಲಸಕ್ಕೆ ಹೋಗಲು ಶುರುಮಾಡಿದ್ದಳು. ದಿನಕ್ಕೆ ಮೂವರನ್ನು ಮಾತ್ರ ನೋಡುವಳು. ರಾತ್ರಿ ಮಲಗಲು ಮೇಲಿನ ಮನೆಗೆ ಹೋಗುವಳು. ಬಾಯವ್ವ ಗುಜರಿಯವನಿಗೆ ನನ್ನನ್ನು ತೋರಿಸಿದರು, ಅವನು ಬೇಡವೆಂದ. ಹಾಗಾಗಿ ಮೇಲೆ ಬಯಲು ಮಾಳಿಗೆಯ ಮೂಲೆ ಸೇರಿದೆ.

ಈಗ ಬೇಸಿಗೆ. ಈ ಊರಿನ ಬಿಸಿಲಿಗೆ ಏನಿಟ್ಟರೂ ಒಣಗುತ್ತದೆ. ಕಳೆದ ಭಾನುವಾರ ಬಾಯವ್ವ ನನ್ನನ್ನು ನಡುವಿಗೆ ಎಳೆದು, ಹಳೇ ಪಂಚೆ ಹಾಸಿ, ಅಕ್ಕಿ ಹಿಟ್ಟಿನ ಸಂಡಿಗೆ ಇಟ್ಟರು. ಕಾಯಿಯ ಸದ್ದು ಕೇಳಿ ಬಹಳ ದಿನವಾಯಿತು. ಅದರ ಬಗ್ಗೆ ನನಗೆ ಹೇಳಿಕೊಳ್ಳುವಂಥ ಬೇಸರವಿಲ್ಲ. ನನ್ನ ಮೇಲೆ ಈಗಲೂ ಕೈಗಳು ಬರುತ್ತವೆ, ಹೋಗುತ್ತವೆ. ಅವುಗಳ ಒಳಗೆ ಏನಿದೆಯೋ ಪೂರ್ತಿ ಗೊತ್ತಾಗುತ್ತದೆ ಎಂಬ ನಂಬಿಕೆಯನ್ನು ಬಿಟ್ಟಿದ್ದೇನೆ.

ಅವತ್ತು ಮಧ್ಯಾಹ್ನ ವಿನುತಾ ಕಾಗೆ ಓಡಿಸಲು ಬಂದು ನನ್ನ ಪಕ್ಕ ಕೂತಳು. ಸುಮಾರು ಹೊತ್ತು ಎದುರಿನ ತಂತಿಯನ್ನು ನೋಡುತ್ತಿದ್ದಳು. ಆಮೇಲೆ ಕೈಚಾಚಿ, ಮೇಲೆ ಒಣಗಿ ಒಳಗೆ ಇನ್ನೂ ಹಸಿಯಾಗಿದ್ದ ಒಂದು ಸಂಡಿಗೆಯನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಮುಖ ಕಿವುಚಿದಳು.

“ಬಾಯವ್ವ” ಎಂದು ಮೆಟ್ಟಿಲ ಕಡೆ ತಿರುಗಿ ಹೇಳಿದಳು, “ಉಪ್ಪು ಜಾಸ್ತಿಯಾಗೈತೆ.”

ಕೆಳಗೆ ಹೊಲಿಗೆ ಯಂತ್ರ ನಿಂತಿತು. ಬಾಯವ್ವ ಒಂದೊಂದೇ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿಸಿತು. ಅಷ್ಟರಲ್ಲಿ ವಿನುತಾ ಇನ್ನೊಂದು ಸಂಡಿಗೆ ಕಿತ್ತಿದ್ದಳು.